ಹೆಸರಿಡದೆ ಬಿಟ್ಟ ನೂರು ವರ್ಷದ ಕಾಳಗ

ರಾಣೆಬೆನ್ನೂರಿನಿಂದ ಬರುವ ಬಸ್ಸು ಕುಮಾರಪಟ್ಟಣ ದಾಟಿ ಸೇತುವೆ ಹತ್ತಿದಾಗ ಕಿಟಕಿಯ ಕೆಳಗೆ ತುಂಗಭದ್ರೆ. ಸೇತುವೆಯ ಆ ತುದಿ ಹಾವೇರಿ ಜಿಲ್ಲೆ, ಈ ತುದಿ ದಾವಣಗೆರೆ ಜಿಲ್ಲೆ. 1956ರ ನವೆಂಬರ್ 1ಕ್ಕೆ ಮೊದಲು ಆ ತುದಿ ಮುಂಬಯಿಗೆ ಸೇರಿತ್ತು, ಈ ತುದಿ ಮೈಸೂರಿಗೆ. ಹರಿಹರದ ಹಳಬರು ‘ಹೊಳೆಯಾಚೆ’ ಎಂದರೆ ಅದರಲ್ಲಿ ದಿಕ್ಕಿನ ಜೊತೆಗೆ ಬೇರೆ ಸರಕಾರ, ಬೇರೆ ಕಾನೂನು, ಬೇರೆ ಶಾಲೆಪುಸ್ತಕಗಳ ನೆನಪೂ ಇರುತ್ತಿತ್ತು. ಎರಡೂ ದಡದಲ್ಲಿ ಆಡುವ ಮಾತು ಒಂದೇ, ಉಣ್ಣುವ ರೊಟ್ಟಿ ಒಂದೇ, ಹೆಣ್ಣು ಕೊಟ್ಟು ತರುವ ನೆಂಟಸ್ತನವೂ ಇತ್ತು. ಆದರೂ ನಡುವೆ ಗೆರೆ.

ಈ ಗೆರೆ ಬ್ರಿಟಿಷರು ಎಳೆದದ್ದು ಎಂದುಕೊಂಡವರು ಹರಿಹರೇಶ್ವರನ ಗುಡಿಯ ಅಂಗಳಕ್ಕೆ ಒಮ್ಮೆ ಹೋಗಿ ಬರಬೇಕು.

ಹೋದ ಬೇಸಿಗೆಯಲ್ಲಿ ಅಕ್ಕನ ಮಗಳನ್ನು ಕರಕೊಂಡು ಹೋಗಿದ್ದೆ. ದಾವಣಗೆರೆಯಲ್ಲಿ ಕೋಚಿಂಗ್ ಸೇರಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗಿ. ಎಲ್ಲಿಗೆ ಹೋದರೂ ಕೈಯಲ್ಲೊಂದು ನೋಟ್ಸ್. ಆವತ್ತಿನ ಪುಟ ಇಂಗ್ಲೆಂಡ್–ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧ. ಪುಟದ ಮೇಲೆ ಅಡ್ಡಗೆರೆ ಎಳೆದು ನಾಲ್ಕು ಕಾಲಂ ಮಾಡಿದ್ದಳು: ಕಾರಣ, ಕದನ, ಇಸವಿ, ಗೆದ್ದವರು. ಮುಖಮಂಟಪದ ಕಲ್ಲಿನ ಜಗಲಿಯಲ್ಲಿ ಕೂತು ಕ್ರೆಸಿ 1346, ಅಜಿನ್‌ಕೋರ್ 1415, ಜೋನ್ ಆಫ್ ಆರ್ಕ್ 1431 ಎಂದು ಮಗ್ಗಿ ಒಪ್ಪಿಸುವಂತೆ ಒಪ್ಪಿಸುತ್ತಿದ್ದಳು. ಅವಳ ಕಣ್ಣೆದುರಿಗೇ ಆಳೆತ್ತರದ ಶಾಸನದ ಕಲ್ಲುಗಳು ನಿಂತಿದ್ದವು.

“ಇವು ಏನ್ ಹೇಳ್ತಾವೆ ಮಾಮಾ?”

“ನಿನ್ನ ನೋಟ್ಸಲ್ಲಿ ಇರೋ ಥರದ್ದೇ ಒಂದು ಕತೆ. ಅದೂ ನೂರು ವರ್ಷದ್ದೇ. ಯಾರೂ ಹೆಸರಿಟ್ಟಿಲ್ಲ ಅಷ್ಟೆ.”

“ಹೌದಾ? ಗೆದ್ದೋರು ಯಾರು?”

ಕೇಳಿದ್ದು ನಾಲ್ಕನೇ ಕಾಲಂ ತುಂಬುವುದಕ್ಕೆ. ಉತ್ತರ ಹೇಳಲು ಹೋದರೆ ಮಾತ್ರ ಸಂಜೆಯೇ ಸಾಲಲಿಲ್ಲ.

ಅಳಿಯನ ತಕರಾರು

ಮೊದಲು ಅವಳ ನೋಟ್ಸಿನ ಯುದ್ಧ. ಇಂಗ್ಲೆಂಡಿನ ದೊರೆ ತನ್ನ ನಾಡಿನಲ್ಲಿ ದೊರೆ. ಆದರೆ ಫ್ರಾನ್ಸಿನ ನೈಋತ್ಯದಲ್ಲಿದ್ದ ಗ್ಯಾಸ್ಕನಿ ಸೀಮೆಯ ಮಟ್ಟಿಗೆ ಫ್ರೆಂಚ್ ದೊರೆಯ ಸಾಮಂತ. ಬೋರ್ಡೊ ಬಂದರಿನಿಂದ ದ್ರಾಕ್ಷಾರಸದ ಪೀಪಾಯಿಗಳು ಇಂಗ್ಲೆಂಡಿಗೆ ಹೋಗುತ್ತಿದ್ದ ಸಿರಿವಂತ ಸೀಮೆ ಅದು. ಒಬ್ಬ ರಾಜ ಇನ್ನೊಬ್ಬ ರಾಜನೆದುರು ಮಂಡಿಯೂರಿ ಸಾಮಂತಿಕೆ ಒಪ್ಪಿಕೊಳ್ಳಬೇಕೆಂದರೆ ಜಗಳಕ್ಕೆ ಬೇರೆ ನೆಪ ಬೇಕಿಲ್ಲ.

ನೆಪವೂ ಸಿಕ್ಕಿತು. 1328ರಲ್ಲಿ ಫ್ರಾನ್ಸಿನ ನಾಲ್ಕನೇ ಚಾರ್ಲ್ಸ್ ಗಂಡುಮಕ್ಕಳಿಲ್ಲದೆ ಸತ್ತ. ಅವನ ತಂಗಿ ಇಸಬೆಲ್ಲಾಳ ಮಗ ಇಂಗ್ಲೆಂಡಿನ ಮೂರನೇ ಎಡ್ವರ್ಡ್. ನಮ್ಮ ತುಳುನಾಡಿನ ಅಳಿಯಕಟ್ಟಿನಲ್ಲಾಗಿದ್ದರೆ ಪಟ್ಟ ನೇರವಾಗಿ ಅವನದೇ. ಫ್ರಾನ್ಸಿನ ಸರದಾರರು ಮಾತ್ರ ಹೆಣ್ಣಿನ ಕಡೆಯಿಂದ ಹಕ್ಕು ಹರಿದುಬರುವುದಿಲ್ಲವೆಂದು ಚಿಕ್ಕಪ್ಪನ ಮಗ ಫಿಲಿಪ್‌ನನ್ನು ಕೂರಿಸಿದರು. 1337ರಲ್ಲಿ ಫಿಲಿಪ್ ಗ್ಯಾಸ್ಕನಿಯನ್ನು ಮುಟ್ಟುಗೋಲು ಹಾಕಿಕೊಂಡ. 1340ರಲ್ಲಿ ಎಡ್ವರ್ಡ್ ತಾನೇ ಫ್ರಾನ್ಸಿನ ರಾಜ ಎಂದು ಬಿರುದು ಏರಿಸಿಕೊಂಡ. 1453ರ ತನಕ, 116 ವರ್ಷ, ನಿಂತು ನಿಂತು ನಡೆದ ಈ ಕಾದಾಟಕ್ಕೆ ‘ನೂರು ವರ್ಷಗಳ ಯುದ್ಧ’ ಎಂದು ಹೆಸರು ಬಿದ್ದದ್ದು 19ನೇ ಶತಮಾನದಲ್ಲಿ, ಪುಸ್ತಕ ಬರೆದವರಿಂದ. ಕಾದಿದವರಿಗೆ ತಾವು ಅಂಥದ್ದೊಂದರ ಒಳಗಿದ್ದೇವೆಂದು ಗೊತ್ತಿರಲಿಲ್ಲ. ಯುದ್ಧ ಶುರುವಾದಾಗ ಇಂಗ್ಲೆಂಡಿನ ಆಸ್ಥಾನದ ಮಾತೂ ಫ್ರೆಂಚೇ.

ಸಾಮಂತಿಕೆಯ ಅವಮಾನ, ಸಿರಿವಂತ ಸೀಮೆ, ವಾರಸುದಾರಿಕೆಯ ತಕರಾರು, ಎರಡೂ ಕಡೆ ಒಂದೇ ನುಡಿ. ಈ ನಾಲ್ಕನ್ನೂ ಹಿಡಿದುಕೊಂಡು ಒಂದೂವರೆ ಶತಮಾನ ಹಿಂದಕ್ಕೆ, ಕಲ್ಯಾಣಕ್ಕೆ ಬರೋಣ.

ಒಂದು ಮನೆ, ಇಬ್ಬರು ವಾರಸುದಾರರು

ಬಸವಕಲ್ಯಾಣದ ಚಾಲುಕ್ಯರ ದೊಡ್ಡ ಮನೆಯಲ್ಲಿ ಹೊಯ್ಸಳರೂ ಸಾಮಂತರು, ಸೇವುಣರೂ ಸಾಮಂತರು. ಹೊಯ್ಸಳರು ದಕ್ಷಿಣದ ಮಲೆನಾಡಿನ ಅಂಚಿನಿಂದ ಬಂದವರು, ಸೇವುಣರು ಉತ್ತರದಲ್ಲಿ ಇವತ್ತಿನ ನಾಸಿಕದ ಕಡೆಯವರು. ವಿಚಿತ್ರವೆಂದರೆ ಇಬ್ಬರೂ ತಮ್ಮನ್ನು ಯದುವಂಶದವರು ಎಂದೇ ಕರೆದುಕೊಂಡರು. ಇಬ್ಬರ ಶಾಸನಗಳಲ್ಲೂ ದ್ವಾರಾವತಿಯ ಒಡೆಯರೆಂಬ ಒಂದೇ ಬಿರುದು. ಸೇವುಣರ ಎಷ್ಟೋ ಶಾಸನಗಳು ಅಚ್ಚಗನ್ನಡದಲ್ಲಿವೆ.

ಮನೆಯ ಯಜಮಾನಿಕೆ ಕುಸಿದದ್ದು 12ನೇ ಶತಮಾನದ ನಡುವಿನಲ್ಲಿ. ಕಳಚುರಿ ಬಿಜ್ಜಳ ಕಲ್ಯಾಣದ ಗದ್ದುಗೆ ಕಿತ್ತುಕೊಂಡ. 1183ರ ಹೊತ್ತಿಗೆ ನಾಲ್ಕನೇ ಸೋಮೇಶ್ವರ ಅದನ್ನು ಮರಳಿ ಪಡೆದನಾದರೂ ಉಳಿಸಿಕೊಳ್ಳುವ ಕಸುವು ಇರಲಿಲ್ಲ. ದಕ್ಷಿಣದಿಂದ ಹೊಯ್ಸಳ ಇಮ್ಮಡಿ ಬಲ್ಲಾಳ ಏರಿಬಂದು, ಬರೀ ಕುದುರೆ ದಂಡಿನಿಂದ ಚಾಲುಕ್ಯ ಸೇನಾನಿ ಬ್ರಹ್ಮನ ಆನೆಪಡೆಯನ್ನು ಮುರಿದ. ಉತ್ತರದಿಂದ ಸೇವುಣ ಐದನೇ ಭಿಲ್ಲಮ ಇಳಿದುಬಂದು ಕಲ್ಯಾಣವನ್ನೇ ಹಿಡಿದ. ದೇವಗಿರಿಯನ್ನು ರಾಜಧಾನಿಯಾಗಿ ಕಟ್ಟಿದವನೂ ಅವನೇ. ಸೋಮೇಶ್ವರ ಬನವಾಸಿಯ ಕಡೆಗೆ ಸರಿದ. ಸತ್ತ ಯಜಮಾನನ ಹೊಲದಲ್ಲಿ ಇಬ್ಬರು ಹಳೇ ಆಳುಗಳು ಎದುರುಬದುರಾಗಿ ನಿಂತರು.

ಆ ಹೊಲವಾದರೂ ಎಂಥದ್ದು! ಬೆಳ್ವೊಲ 300, ಪುಲಿಗೆರೆ 300, ಹಾನುಂಗಲ್ಲು 500, ಬನವಾಸಿ 12,000, ನೊಳಂಬವಾಡಿ 32,000 ಎಂದು ಶಾಸನಗಳು ಎಣಿಸುವ ನಾಡುಗಳು. ಇವತ್ತಿನ ಗದಗ, ಲಕ್ಷ್ಮೇಶ್ವರ, ಹಾನಗಲ್, ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಸೀಮೆ. ಒಂದು ಕಡೆ ಎರೆಭೂಮಿಯ ಜೋಳ, ಇನ್ನೊಂದು ಕಡೆ ಮಲೆನಾಡಿನ ಸೆರಗಿನ ಭತ್ತ. ಲೊಕ್ಕಿಗುಂಡಿಯಲ್ಲಿ (ಇವತ್ತಿನ ಲಕ್ಕುಂಡಿ) ನಾಣ್ಯ ಹೊಡೆಯುವ ಟಂಕಸಾಲೆ. ಫ್ರಾನ್ಸಿನಲ್ಲಿ ಗ್ಯಾಸ್ಕನಿ ಹೇಗೋ ಇಲ್ಲಿ ಬೆಳ್ವೊಲ ಹಾಗೆ: ಯಾರ ಕೈಯಲ್ಲಿತ್ತೋ ಅವರ ಭಂಡಾರ ತುಂಬಿತು.

ಗದಗಿನ ಒಬ್ಬ ಆಚಾರ್ಯ, ಇಬ್ಬರು ರಾಜರು

1191ರ ಆಸುಪಾಸಿನಲ್ಲಿ ಗದಗಿನ ಹತ್ತಿರದ ಸೊರಟೂರಿನಲ್ಲಿ ಇಬ್ಬರೂ ಕೈಕೈ ಹತ್ತಿದರು. ಸೇವುಣರ ಕಡೆ ಎರಡು ಲಕ್ಷ ಕಾಲಾಳು, 12,000 ಕುದುರೆ ಇದ್ದವೆಂದು ಹೊಯ್ಸಳರ ಶಾಸನ ಲೆಕ್ಕ ಕೊಡುತ್ತದೆ. ಗೆದ್ದವರು ಸೋತವರ ದಂಡನ್ನು ಎಣಿಸುವಾಗ ಲೆಕ್ಕ ಹಿಗ್ಗುವುದು ಎಲ್ಲ ಕಾಲಕ್ಕೂ ಇದ್ದದ್ದೇ. ಭಿಲ್ಲಮನ ಬಲಗೈಯಂತಿದ್ದ ಜೈತ್ರಸಿಂಹ ಲೊಕ್ಕಿಗುಂಡಿಯಲ್ಲಿ ಬಿದ್ದ. ಎರಂಬರಗೆ, ಕುರುಗೋಡು, ಬೆಳ್ಳಿಟ್ಟಗೆ ಕೋಟೆಗಳು ಬಲ್ಲಾಳನ ಪಾಲಾದವು. ಭಿಲ್ಲಮನ ತಲೆಯನ್ನೇ ಸಾಣೆಕಲ್ಲು ಮಾಡಿ ಬಲ್ಲಾಳ ಕತ್ತಿ ಮಸೆದನೆಂದು ಆಮೇಲಿನ ಒಂದು ಶಾಸನ ಕೊಚ್ಚಿಕೊಳ್ಳುತ್ತದೆ.

ಕತ್ತಿಯ ಕತೆಗಿಂತ ನನಗೆ ಹೆಚ್ಚು ಕಾಡುವುದು ಗದಗಿನ ತ್ರಿಕೂಟೇಶ್ವರ ಗುಡಿಯ ಎರಡು ಶಾಸನಗಳು. 1191ರ ಜೂನ್‌ನಲ್ಲಿ ಭಿಲ್ಲಮ ಈ ಗುಡಿಗೆ ಹಿರಿಯ ಹಂದಿಗೋಳ ಎಂಬ ಊರನ್ನು ಉಂಬಳಿ ಬಿಡುತ್ತಾನೆ. ದಾನ ಹಿಡಿದವರು ಅಲ್ಲಿಯ ಆಚಾರ್ಯ ಸಿದ್ಧಾಂತಿ ಚಂದ್ರಭೂಷಣ ಪಂಡಿತರು. ಒಂದೂವರೆ ವರ್ಷ ಕಳೆಯುವುದರೊಳಗೆ, 1192ರ ಕೊನೆಗೆ, ಲೊಕ್ಕಿಗುಂಡಿಯಲ್ಲಿ ಬೀಡುಬಿಟ್ಟ ಬಲ್ಲಾಳ ಅದೇ ಗುಡಿಗೆ ಹೊಂಬಳಲು ಎಂಬ ಊರನ್ನು ಬಿಡುತ್ತಾನೆ. ದಾನ ಹಿಡಿದವರು ಅದೇ ಚಂದ್ರಭೂಷಣ ಪಂಡಿತರು.

ನಡುವೆ ಒಂದು ಮಹಾಯುದ್ಧ ಆಗಿಹೋಗಿದೆ. ಕೊಟ್ಟ ಕೈ ಬದಲಾಗಿದೆ, ಹಿಡಿದ ಕೈ ಬದಲಾಗಿಲ್ಲ. ಹೊಂಬಳ, ಹಂದಿಗೋಳ ಇವತ್ತಿಗೂ ಗದಗಿನ ಪಕ್ಕದ ಊರುಗಳು.

ಇದರಲ್ಲಿ ಭಕ್ತಿ ಇಲ್ಲವೆಂದಲ್ಲ, ಲೆಕ್ಕಾಚಾರವೂ ಇದೆ. ಗಡಿನಾಡಿನ ಗುಡಿ ಎಂದರೆ ಬರೀ ಪೂಜೆಯ ಜಾಗವಾಗಿರಲಿಲ್ಲ. ಅದು ಜಮೀನುದಾರ, ಪಾಠಶಾಲೆ, ದಾಖಲೆಯ ಕಚೇರಿ. ಈ ಸೀಮೆ ಈಗ ನನ್ನದು ಎಂದು ಸಾರಬೇಕಾದ ರಾಜ ಅಲ್ಲಿ ಕಲ್ಲು ನಿಲ್ಲಿಸಬೇಕು. ಊರವರು, ವ್ಯಾಪಾರಿಗಳು, ಪಕ್ಕದ ಸಾಮಂತರು ಓದುವುದು ಅಲ್ಲಿಯೇ. ಹಿಂದಿನ ರಾಜ ಕೊಟ್ಟದ್ದನ್ನು ಕಿತ್ತುಕೊಂಡರೆ ಗಂಗೆಯ ದಡದಲ್ಲಿ ಕವಿಲೆ ಕೊಂದ ಪಾಪ ಎಂದು ಕಲ್ಲೇ ಶಾಪ ಹಾಕಿ ನಿಂತಿರುತ್ತದೆ. ಹಾಗಾಗಿ ಹೊಸಬನಿಗೆ ಉಳಿದ ದಾರಿ ಒಂದೇ: ಅದರ ಮೇಲೆ ಇನ್ನಷ್ಟು ಕೊಡುವುದು.

ಹೊಳೆ ಗಡಿಯಾಯಿತು

ಬಲ್ಲಾಳ ಗೆದ್ದ ಉತ್ತರದ ಸೀಮೆ ಬಹಳ ದಿನ ನಿಲ್ಲಲಿಲ್ಲ. ದೇವಗಿರಿಯಲ್ಲಿ ಸಿಂಘಣ ಪಟ್ಟಕ್ಕೆ ಬಂದ. ಶಾರ್ಙ್ಗದೇವನ ‘ಸಂಗೀತರತ್ನಾಕರ’ ಹುಟ್ಟಿದ್ದು ಇವನ ಆಸ್ಥಾನದಲ್ಲೇ. ಅತ್ತ ರಾಗ, ಇತ್ತ ದಂಡು. 1215ರ ಹೊತ್ತಿಗೆ ಬೆಳ್ವೊಲವೂ ಬನವಾಸಿಯೂ ಸೇವುಣರ ಕೈ ಸೇರಿದ್ದವು. ಗಡಿ ಮಲಪ್ರಭೆಯಿಂದ ಜಾರಿ ತುಂಗಭದ್ರೆಗೆ ಬಂತು. ಸಿಂಘಣನ ದಂಡನಾಯಕ ಬೀಚಣ ರಟ್ಟ, ಕದಂಬ, ಗುತ್ತ, ಪಾಂಡ್ಯ, ಹೊಯ್ಸಳರನ್ನೆಲ್ಲ ಬಗ್ಗಿಸಿ ಕಾವೇರಿಯ ಹತ್ತಿರ ಜಯಸ್ತಂಭ ನೆಟ್ಟನೆಂದು ಹಾವೇರಿ ಕಡೆಯ ಹರಳಹಳ್ಳಿಯ 1238ರ ಶಾಸನ ಹೇಳುತ್ತದೆ. ಹರಳಹಳ್ಳಿಯೂ ಇದೇ ಹೊಳೆಯ ದಂಡೆಯ ಊರು.

ನಮ್ಮ ದಾವಣಗೆರೆಯ ಮಗ್ಗುಲಿನ ಬೇತೂರನ್ನು ಈಗ ಯಾರೂ ರಾಜಧಾನಿ ಎನ್ನಲಾರರು. 13ನೇ ಶತಮಾನದಲ್ಲಿ ಸೇವುಣರು ಈ ಸೀಮೆಯ ಆಡಳಿತ ನಡೆಸಿದ್ದು ಅಲ್ಲಿಂದಲೇ. ಇತ್ತ ಉಚ್ಚಂಗಿದುರ್ಗವಿದೆ. ಚೋಳರು 12 ವರ್ಷ ಮುತ್ತಿಗೆ ಹಾಕಿಯೂ ಕೈಚೆಲ್ಲಿ ಹೋದ ಕೋಟೆಯನ್ನು ಬಲ್ಲಾಳ ಲೀಲೆಯಾಗಿ ಹಿಡಿದನೆಂದು ಹೊಯ್ಸಳರ ಕವಿಗಳು ಹೊಗಳಿದರು. ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಎಂಬ ಬಿರುದುಗಳು ಅವನಿಗೆ ಅಂಟಿದ್ದು ಈ ಗೆಲುವಿನ ನೆನಪಿಗೆ. ಬೇತೂರು, ಉಚ್ಚಂಗಿ, ಹರಿಹರ: ಒಂದೇ ದಿನದಲ್ಲಿ ಬೈಕಿನಲ್ಲಿ ಸುತ್ತಿ ಬರಬಹುದಾದ ಮೂರು ಊರು. ನೂರು ವರ್ಷದ ಜಗ್ಗಾಟ ನಡೆದದ್ದು ಈ ಅಂತರದಲ್ಲಿ.

ಇಷ್ಟು ವರ್ಷ ಯಾಕೆ ಮುಗಿಯಲಿಲ್ಲ? ದೇವಗಿರಿಗೂ ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೂ ನಡುವೆ 700 ಕಿಲೋಮೀಟರಿಗೂ ಹೆಚ್ಚು ದಾರಿ. ಒಬ್ಬರ ಬೇರನ್ನು ಇನ್ನೊಬ್ಬರು ಕೀಳಲಾರರು. ತುಂಬಿದ ಹೊಳೆ ದಂಡು ದಾಟಲು ಬಿಡದು, ನೀರು ಇಳಿದ ಮೇಲಷ್ಟೇ ಯುದ್ಧ. ಸೇವುಣರಿಗೆ ಗುಜರಾತ್, ಮಾಳವಗಳ ಜೊತೆ ಬೇರೆ ಜಗಳವಿತ್ತು. ಹೊಯ್ಸಳರ ಕಣ್ಣು ಚೋಳನಾಡಿನ ಮೇಲೆ. ಹೊಯ್ಸಳ ದೊರೆ ಸೋಮೇಶ್ವರನಂತೂ ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲೇ ಮನೆ ಮಾಡಿದ. ಒಬ್ಬ ಬೆನ್ನು ತಿರುಗಿಸಿದಾಗ ಇನ್ನೊಬ್ಬ ಹೊಳೆ ದಾಟುತ್ತಿದ್ದ.

ಇವರಿಬ್ಬರ ನಡುವೆ ಸಿಕ್ಕವರು ಸಣ್ಣ ಅರಸರು: ಉಚ್ಚಂಗಿಯ ಪಾಂಡ್ಯರು, ಹಾನಗಲ್ಲಿನ ಕದಂಬರು, ಗುತ್ತವೊಳಲಿನ ಗುತ್ತರು, ಈಗ ನ್ಯಾಮತಿ ತಾಲ್ಲೂಕಿನಲ್ಲಿರುವ ಬೆಳಗುತ್ತಿಯ ಸಿಂದರು. ಯಾರ ದಂಡು ಹತ್ತಿರವಿತ್ತೋ ಅವರಿಗೆ ಕಪ್ಪ. ಬೆಳಗುತ್ತಿಯ ಸಿಂದರು ಹೊಯ್ಸಳರಿಗೂ ನಡೆದುಕೊಂಡರು, ಸೇವುಣರಿಗೂ ನಡೆದುಕೊಂಡರು. ಇದನ್ನು ಪಕ್ಷಾಂತರ ಎನ್ನುವುದು ಸುಲಭ. ಮನೆಮುಂದೆ ಆನೆ ಬಂದು ನಿಂತಾಗ ಬಾಗಿಲು ತೆರೆದವನ ಕಷ್ಟ ಅವನಿಗೇ ಗೊತ್ತು.

1224, 1268, 1277

ಈಗ ಅಂಗಳಕ್ಕೆ ಮರಳೋಣ. ಸೂಳೆಕೆರೆಯಿಂದ ಬರುವ ಹರಿದ್ರಾ ಹಳ್ಳ ತುಂಗಭದ್ರೆಯನ್ನು ಕೂಡುವ ಜಾಗವಾದ್ದರಿಂದ ಊರಿನ ಹಳೇ ಹೆಸರು ಕೂಡಲೂರು. ಗರ್ಭಗುಡಿಯ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಗುಹಾಸುರನ ವಧೆಗೆ ಇಬ್ಬರೂ ಒಂದೇ ಮೈಯಾಗಿ ಬಂದರೆಂದು ಸ್ಥಳಪುರಾಣ.

ಗುಡಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ, 1224ರಲ್ಲಿ. ಸಿಂಘಣನದು ಮೇಲುಗೈಯಾಗಿದ್ದ ಕಾಲ ಅದು. ಹೊಳೆಯಾಚೆ ಶತ್ರು, ಈಚೆ ದಡದಲ್ಲಿ 115 ಹೊನ್ನಕಳಸದ ಗುಡಿ! ಮುಖಮಂಟಪದ ಕಂಬಗಳನ್ನು ಹತ್ತಿರದಿಂದ ನೋಡಿ. ಚರಕಿಗೆ ಕೊಟ್ಟು ತಿರುಗಿಸಿದಂಥ ಸುತ್ತು. ಬಳಪದ ಕಲ್ಲಿಗೆ ಕೊಟ್ಟ ಮೆರುಗಿನಲ್ಲಿ ಇವತ್ತಿಗೂ ನಿಂತವರ ನೆರಳು ಮಸುಕಾಗಿ ಮೂಡುತ್ತದೆ. ಗಡಿಯಲ್ಲಿ ಕೋಟೆ ಕಟ್ಟುವವನು ಹೆದರಿದ್ದಾನೆಂದು ಅರ್ಥ. ಇಂಥ ಕಂಬ ಕಡೆಸುವವನು ಇಲ್ಲಿಂದ ಕದಲುವುದಿಲ್ಲವೆಂದು ಹೇಳುತ್ತಿದ್ದಾನೆ.

1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಈ ಗುಡಿಗೆ ಮತ್ತಷ್ಟು ಕಟ್ಟಡ ಸೇರಿಸಿದ. ಮೈಸೂರಿನ ಕಡೆ ಸೋಮನಾಥಪುರ ಎಂಬ ಊರು ಅವನ ಹೆಸರಿನದೇ. ಅದೇ ಕಾಲದಲ್ಲಿ ಸೇವುಣ ಮಹಾದೇವರಾಯ ಹೊಯ್ಸಳರ ಮೇಲೆ ಬಂದಿದ್ದ. ಅವನು ಕುದುರೆ ಏರಿ ಒಂದೇ ರಾತ್ರಿಯಲ್ಲಿ ಓಡಿಹೋದನೆಂದು ಹೊಯ್ಸಳ ಶಾಸನ ನಗೆಯಾಡುತ್ತದೆ.

ನಗೆಗೆ ಉತ್ತರ ಬಂದದ್ದು 1276ರಲ್ಲಿ. ಮಹಾದೇವನ ಅಣ್ಣನ ಮಗ ರಾಮಚಂದ್ರ ಈಗ ದೇವಗಿರಿಯ ರಾಜ. ಅವನ ದಂಡನಾಯಕ ಸಾಳುವ ತಿಕ್ಕಮ ಹೊಳೆ ದಾಟಿ, ಸಾಮಂತರನ್ನು ಕಟ್ಟಿಕೊಂಡು, ದೋರಸಮುದ್ರದ ಹೊಸ್ತಿಲಿನಂತಿದ್ದ ಬೆಳವಾಡಿಯವರೆಗೆ ನುಗ್ಗಿದ. ಅಷ್ಟು ಆಳಕ್ಕೆ ಸೇವುಣರು ಬಂದದ್ದು ಅಪರೂಪ.

ಮುಂದೇನಾಯಿತು? ಹೊಯ್ಸಳರ ಕಲ್ಲುಗಳನ್ನು ಕೇಳಿದರೆ: ದೋರಸಮುದ್ರವನ್ನು ಗಳಿಗೆಯಲ್ಲಿ ಹಿಡಿಯುತ್ತೇವೆಂದು ಬಡಾಯಿ ಕೊಚ್ಚಿದ ಸೇವುಣರ ಮೇಲೆ ಅಂಕೆಯ ನಾಯಕ, ಚಿಕ್ಕ ಕೇತಯ್ಯ ಮುಂತಾದವರು ಬಿದ್ದು, ಹೊಳಲ್ಕೆರೆ ಕಡೆಯ ದುಮ್ಮಿಯ ತನಕ ಕಡಿದು ಅಟ್ಟಿದರು. ಹರಿಹರದ 1277ರ ಶಾಸನವನ್ನು ಕೇಳಿದರೆ: ತಿಕ್ಕಮ ದೋರಸಮುದ್ರದ ಮೇಲೆ ದಂಡೆತ್ತಿ ಹೋಗಿ, ಆನೆ ಕುದುರೆಗಳನ್ನೂ ಅಪಾರ ಕಪ್ಪವನ್ನೂ ತಂದ. ತಂದು, ಹರಿಹರಕ್ಕೆ ಬಂದು, ತೀರಿಹೋದ ಮಹಾದೇವರಾಯನ ಹೆಸರಿನಲ್ಲಿ ಇಲ್ಲೊಂದು ನಾರಾಯಣನ ಗುಡಿ ಕಟ್ಟಿಸಿದ.

ಒಂದೇ ಯುದ್ಧ, ಎರಡು ಗೆಲುವು. ಎರಡೂ ಪೂರ್ತಿ ಸುಳ್ಳಿರಲಾರವು: ಕೊಳ್ಳೆ ಸಿಕ್ಕಿರಬೇಕು, ರಾಜಧಾನಿ ಸಿಕ್ಕಿರಲಾರದು. ಬೆನ್ನು ತೋರಿಸಿ ಓಡಿದ ರಾಜನೆಂದು ಹೊಯ್ಸಳರು ಯಾರನ್ನು ಹಂಗಿಸಿದ್ದರೋ ಅವನ ಹೆಸರಿನಲ್ಲೇ, ಹೊಯ್ಸಳ ದಂಡನಾಯಕ ಕಟ್ಟಿಸಿದ ಕ್ಷೇತ್ರದಲ್ಲೇ ಗುಡಿ ಎಬ್ಬಿಸಿದ್ದು ತಿಕ್ಕಮನ ಮಾರುತ್ತರ. ಪೊಲಾಳ್ವ ಕಟ್ಟಿಸಿದ ಗುಡಿಯನ್ನು ಅವನು ಕೆಡವಲಿಲ್ಲ. ಸೋಮ ಕಟ್ಟಿ ಹೋದ ಒಂಬತ್ತೇ ವರ್ಷಕ್ಕೆ ತಿಕ್ಕಮನೂ ಕಟ್ಟಿದ.

ಹೆಸರು ಮಾಸಿದ ಕಲ್ಲುಗಳು

ದಂಡನಾಯಕರ ಕಲ್ಲುಗಳಲ್ಲದೆ ಇನ್ನೊಂದು ಬಗೆಯ ಕಲ್ಲುಗಳಿವೆ. ಅವು ಗುಡಿಯ ಅಂಗಳದಲ್ಲಿ ಕಡಿಮೆ. ಕೆರೆ ಏರಿಯ ಮೇಲೆ, ಹನುಮಪ್ಪನ ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ಅರ್ಧ ಹೂತು ನಿಂತಿರುತ್ತವೆ. ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಬಿಲ್ಲೋ ಕತ್ತಿಯೋ ಹಿಡಿದು ಕಾದುತ್ತಿರುವ ಒಬ್ಬ. ನಡುವಿನ ಪಟ್ಟಿಯಲ್ಲಿ ಅವನನ್ನು ತೋಳು ಹಿಡಿದು ಒಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೂತವನು. ನೆತ್ತಿಯಲ್ಲಿ ಸೂರ್ಯ, ಚಂದ್ರ.

ಶಾಸನಗಳು ಇವರ ಸಾವಿಗೆ ಕೊಡುವ ಕಾರಣದ ಮಾತುಗಳನ್ನು ಒಮ್ಮೆ ಬಾಯಲ್ಲಿ ಹೇಳಿಕೊಂಡು ನೋಡಬೇಕು. ತುರುಗೋಳು: ಊರ ದನ ಹೊಡೆದುಕೊಂಡು ಹೋದದ್ದು. ಊರಳಿವು: ಊರೇ ಹಾಳಾದದ್ದು. ಹೆಣ್ಬುಯ್ಯಲು: ಹೆಂಗಸರ ಮೊರೆ ಕೇಳಿ ಗಂಡಸರು ನುಗ್ಗಿದ್ದು. ಗಡಿನಾಡಿನಲ್ಲಿ ಯುದ್ಧವೆಂದರೆ ಸೊರಟೂರಿನಂಥ ದೊಡ್ಡ ಕಾಳಗ ತಲೆಮಾರಿಗೆ ಒಂದೋ ಎರಡೋ. ಮಿಕ್ಕ ವರ್ಷವೆಲ್ಲ ಇದೇ. ಫ್ರಾನ್ಸಿನ ಹಳ್ಳಿಗಳಲ್ಲೂ ಹೀಗೇ ನಡೆಯಿತು: ಇಂಗ್ಲಿಷ್ ದಂಡುಗಳು ಕೋಟೆ ಬಿಟ್ಟು ಹೊಲ, ಕಣಜ, ಗಿರಣಿಗಳಿಗೆ ಬೆಂಕಿ ಹಚ್ಚುತ್ತಾ ಸಾಗಿದವು. ಶತ್ರುರಾಜನ ಕಂದಾಯ ಕಡಿಯಬೇಕಾದರೆ ಒಕ್ಕಲಿಗನ ಕಣ ಸುಡಬೇಕು ಎಂಬ ಲೆಕ್ಕ.

ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಒಂದಿಷ್ಟು ನೆಲ ಬಿಡುವ ಪದ್ಧತಿಯಿತ್ತು. ನೆತ್ತರು ಸುರಿಸಿದ್ದಕ್ಕೆ ಕೊಟ್ಟ ಕೊಡುಗೆ. ಕನ್ನಡ ಎಷ್ಟು ನೇರವಾಗಿ ಹೆಸರಿಡುತ್ತಿತ್ತು ಎನಿಸುತ್ತದೆ. ಒಂದೊಂದು ಸಾವಿಗೂ ಹೆಸರಿಟ್ಟ ನುಡಿ ಇಡೀ ಯುದ್ಧಕ್ಕೆ ಹೆಸರಿಡದೆ ಬಿಟ್ಟಿತು.

ಮೂರನೆಯವನು ಬಂದ

ಕೊನೆಯ ಅಧ್ಯಾಯ ಬೇಗ ಮುಗಿಯಿತು. 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ದೇವಗಿರಿಯ ಮೇಲೆ ಬಿದ್ದು ರಾಮಚಂದ್ರನ ಭಂಡಾರ ಬಳಿದುಕೊಂಡು ಹೋದ. ಹತ್ತು ಹನ್ನೆರಡು ವರ್ಷದ ಮೇಲೆ ಅವನ ದಂಡನಾಯಕ ಮಲಿಕ್ ಕಾಫೂರ್ ಬಂದು ರಾಮಚಂದ್ರನನ್ನು ದಿಲ್ಲಿಗೇ ಒಯ್ದ. ರಾಯ ರಾಯನ್ ಎಂಬ ಬಿರುದು ಹೊತ್ತು ಅವನು ದಿಲ್ಲಿಯ ಸಾಮಂತನಾಗಿ ಮರಳಿದ. ಈ ನಡುವೆಯೂ ದೋರಸಮುದ್ರದ ಮುಮ್ಮಡಿ ಬಲ್ಲಾಳ ಸೇವುಣರ ಗಡಿಯನ್ನು ಕೆದಕುತ್ತಲೇ ಇದ್ದ.

1311ರ ಆರಂಭದಲ್ಲಿ ಕಾಫೂರನ ದಂಡು ದೋರಸಮುದ್ರಕ್ಕೆ ಹೊರಟಿತು. ದೇವಗಿರಿಯಲ್ಲಿ ದಂಡಿಗೆ ಬೇಕಾದ್ದನ್ನೆಲ್ಲ ರಾಮಚಂದ್ರ ಒದಗಿಸಿದ. ದಾರಿ ತೋರಿಸಲು ತನ್ನ ಗಡಿಯ ದಳವಾಯಿಯನ್ನೇ ಜೊತೆಗೆ ಕಳಿಸಿದ ಎಂದು ದಿಲ್ಲಿಯ ಕವಿ ಅಮೀರ್ ಖುಸ್ರೋ ಬರೆದಿಟ್ಟಿದ್ದಾನೆ. ನೂರಿಪ್ಪತ್ತು ವರ್ಷ ಸೇವುಣರು ತುಳಿದು ತುಳಿದು ಕಲಿತ ದಾರಿ ಕೊನೆಗೆ ಬೇರೆಯವರಿಗೆ ಉಪಯೋಗಕ್ಕೆ ಬಂತು. ಬಲ್ಲಾಳ ಆಗ ದಕ್ಷಿಣದಲ್ಲಿ ಪಾಂಡ್ಯರ ಅಣ್ಣತಮ್ಮಂದಿರ ಜಗಳದ ನಡುವೆ ಇದ್ದ. ಓಡಿಬಂದು ಶರಣಾದ.

1318ರ ಹೊತ್ತಿಗೆ ಸೇವುಣರ ವಂಶ ಅಳಿಯಿತು. 1343ರ ಹೊತ್ತಿಗೆ ಬಲ್ಲಾಳ ಮಧುರೆ ಸುಲ್ತಾನರ ಕೈಯಲ್ಲಿ ಸತ್ತ. ಹೊಯ್ಸಳರ ಮನೆಯೂ ಅಲ್ಲಿಗೆ ಮುಗಿದಂತೆಯೇ. ಇಲ್ಲಿ ದೀಪ ಆರುತ್ತಿದ್ದ ಅದೇ ವರ್ಷಗಳಲ್ಲಿ ಅಲ್ಲಿ ಎಡ್ವರ್ಡ್ ಮೊದಲ ಹಡಗು ಹೊರಡಿಸುತ್ತಿದ್ದ.

ಎರಡು ಯುದ್ಧಗಳ ದಾರಿ ಬೇರೆಯಾಗುವುದು ಇಲ್ಲಿ. ಅಲ್ಲಿ ಕಾದಾಡುತ್ತಲೇ ಎರಡು ದೇಶಗಳು ಮೈದಳೆದವು. 1362ರಲ್ಲಿ ಇಂಗ್ಲೆಂಡಿನ ನ್ಯಾಯಾಲಯಗಳಿಗೆ ಫ್ರೆಂಚ್ ಬಿಟ್ಟು ಇಂಗ್ಲಿಷಿನಲ್ಲಿ ವಾದ ನಡೆಸಬೇಕೆಂಬ ಕಾನೂನು ಬಂತು. 1429ರಲ್ಲಿ ಓರ್ಲಿಯನ್ಸ್ ಬಿಡಿಸಿದ ರೈತರ ಹುಡುಗಿ ಜೋನ್ ಫ್ರಾನ್ಸಿಗೆ ತಾನು ಯಾರೆಂದು ನೆನಪಿಸಿದಳು. 1453ರಲ್ಲಿ ಇಂಗ್ಲಿಷರ ಕೈಯಲ್ಲಿ ಕ್ಯಾಲೆ ಬಂದರು ಒಂದೇ ಉಳಿಯಿತು. ಆದರೂ ಇಂಗ್ಲೆಂಡಿನ ದೊರೆಗಳು ‘ಫ್ರಾನ್ಸಿನ ರಾಜ’ ಎಂಬ ಬಿರುದನ್ನು 1801ರ ತನಕ ಬಿಡಲಿಲ್ಲ. ಬಿರುದಿನ ಚಪಲದಲ್ಲಿ ನಮ್ಮವರೇನೂ ಒಂಟಿಯಲ್ಲ.

ಇಲ್ಲಿ ಕಾದಿದ ಎರಡು ಮನೆಯೂ ಬಿದ್ದವು. ಸೇವುಣರ ನಾಡಿನಲ್ಲಿ ಮರಾಠಿ ಅರಳಿತು. ಜ್ಞಾನೇಶ್ವರಿ ಬರೆದು ಮುಗಿದದ್ದು ರಾಮಚಂದ್ರನ ಕಾಲದಲ್ಲೇ, 1290ರಲ್ಲಿ. ತುಂಗಭದ್ರೆಯ ಎರಡೂ ದಡದಲ್ಲಿ ಕನ್ನಡ ಇದ್ದಂತೆ ಇತ್ತು. ತಮ್ಮದೆಂದು ಹೇಳಿಕೊಳ್ಳಲು ವಾರಸುದಾರರು ಇದ್ದ ಯುದ್ಧಕ್ಕೆ ಇತಿಹಾಸಕಾರರು ಹೆಸರಿಟ್ಟರು. ನಮ್ಮದನ್ನು ಹೊಯ್ಸಳರ ಪಾಠದಲ್ಲಿ ಎರಡು ಸಾಲು, ಸೇವುಣರ ಪಾಠದಲ್ಲಿ ಎರಡು ಸಾಲು ಮಾಡಿ ಹಂಚಿಬಿಟ್ಟೆವು. ಎರಡೂ ಪಾಠ ಒಟ್ಟಿಗೆ ಓದಲು ಸಿಗುವ ಜಾಗ ಹರಿಹರದಂಥ ಅಂಗಳ ಮಾತ್ರ.

ನಾಲ್ಕನೇ ಕಾಲಂ

ಅಂಗಳ ಗುಡಿಸುತ್ತಿದ್ದ ಅಜ್ಜ ನಮ್ಮ ಮಾತು ಕೇಳುತ್ತಿದ್ದರೆಂದು ಕಾಣುತ್ತದೆ. ಹುಡುಗಿ ಅವರನ್ನೂ ಬಿಡಲಿಲ್ಲ.

“ಅಜ್ಜಾ, ಇದ್ರಾಗೆ ಹೊಯ್ಸಳರ ಕಲ್ಲು ಯಾವ್ದು, ಅವ್ರ ವೈರಿಗಳ ಕಲ್ಲು ಯಾವ್ದು?”

“ಎಲ್ಲಾ ದೇವ್ರವೇ ಬಿಡವ್ವಾ,” ಅಂದರು ಪೊರಕೆ ನಿಲ್ಲಿಸದೆ.

ಅಜ್ಜನ ಮಾತು ಬರೀ ಭಕ್ತಿಯದಲ್ಲ. ದಾಖಲೆಯ ಪ್ರಕಾರವೂ ಸರಿ. ಪೊಲಾಳ್ವ, ಸೋಮ, ತಿಕ್ಕಮ ಬರೆಸಿದ್ದೆಲ್ಲ ಕೊನೆಗೆ ಜಮೆಯಾದದ್ದು ಒಂದೇ ಖಾತೆಗೆ. ಆಮೇಲೆ ಬಂದ ವಿಜಯನಗರದವರ ಕಲ್ಲುಗಳೂ ಇದೇ ಊರಿನಲ್ಲಿವೆ. ಅವುಗಳಲ್ಲಿ ನನಗೆ ಇಷ್ಟವಾದದ್ದು 1410ರದು: ಹರಿದ್ರೆಗೆ ಅಣೆಕಟ್ಟು ಹಾಕಿ ಕಾಲುವೆ ತೆಗೆಯಲು ಗುಡಿಯವರೂ ಊರಿನ ಬ್ರಾಹ್ಮಣರೂ ಖರ್ಚು ಹಂಚಿಕೊಂಡ ಕರಾರು. ಆ ಕಟ್ಟೆ ಒಡೆಯಿತು. 1424ರಲ್ಲಿ ಮತ್ತೆ ಕಟ್ಟಿದ್ದನ್ನು ಇನ್ನೊಂದು ಕಲ್ಲು ಹೇಳುತ್ತದೆ. ಹಣ ಕೊಟ್ಟವನು ಒಬ್ಬ ದಂಡಾಧಿಕಾರಿ. ಇನ್ನೂರು ವರ್ಷದಲ್ಲಿ ಈ ಅಂಗಳಕ್ಕೆ ಬಂದ ದಂಡನಾಯಕರ ಪೈಕಿ ಇವನೊಬ್ಬ ಬಂದದ್ದು ನೀರಿನ ಕೆಲಸಕ್ಕೆ.

ಸಂಜೆ ಹೊಳೆಯ ದಂಡೆಗೆ ನಡೆದೆವು. 1868ರಲ್ಲಿ ಕಟ್ಟಿ ಮುಗಿಸಿದ ಹಳೇ ಸೇತುವೆಯ ಕಮಾನುಗಳ ಕೆಳಗೆ ಬೇಸಿಗೆಯ ನೀರು ತೆಳ್ಳಗೆ ಹರಿಯುತ್ತಿತ್ತು. ಬಂಡೆಗಳು ಮೇಲೆದ್ದು ಕಾಣುತ್ತಿದ್ದವು. ದಂಡು ದಾಟುವ ಕಾಲ ಇದೇ ಅಲ್ಲವಾ ಎಂದು ಅವಳೇ ಕೇಳಿದಳು. ಆಚೆ ದಡದಿಂದ ಎಮ್ಮೆ ಹಿಂಡೊಂದು ಯಾರ ಅಪ್ಪಣೆಯೂ ಇಲ್ಲದೆ ಹಾವೇರಿ ಜಿಲ್ಲೆ ಬಿಟ್ಟು ನಮ್ಮ ಜಿಲ್ಲೆಯ ನೀರಿಗೆ ಇಳಿಯುತ್ತಿತ್ತು.

“ಇದು ಪರೀಕ್ಷೆಗೆ ಬರುತ್ತಾ ಮಾಮಾ?”

“ಬರಲ್ಲ ಅನ್ಸುತ್ತೆ.”

“ಆದ್ರೂ ಬರ್ಕೊಂಡಿರ್ತೀನಿ.”

ಹೊಸ ಪುಟ ತೆಗೆದು ಅಡ್ಡಗೆರೆ ಎಳೆದಳು. ಕಾರಣ: ಕಲ್ಯಾಣದ ವಾರಸುದಾರಿಕೆ, ಬೆಳ್ವೊಲ. ಕದನ: ಸೊರಟೂರು, ಬೆಳವಾಡಿ. ಇಸವಿ: 1190–1311. ‘ಗೆದ್ದವರು’ ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಸಣ್ಣ ಅಕ್ಷರದಲ್ಲಿ ಬರೆದಳು: ‘ಎರಡೂ ಕಲ್ಲು ಓದಬೇಕು.’ ಪುಟದ ಮೇಲ್ತುದಿಯಲ್ಲಿ ಯುದ್ಧದ ಹೆಸರು ಬರೆಯುವ ಜಾಗ ಮಾತ್ರ ಖಾಲಿಯಾಗಿಯೇ ಇತ್ತು.